ಒಂದು ಉತಾರದಲ್ಲಿ ಎಷ್ಟು ಕೋಷ್ಟಕ?

ಎರಡು ವರ್ಷಗಳ ಕೆಳಗಿನ ಮಾತು. ಹೆಸರಿನ ರಾಶಿ ಮುಗಿದ ಮರುವಾರ ನಮ್ಮ ಚಿಗವ್ವ ಗಜೇಂದ್ರಗಡದ ಕಡೆಯ ನಮ್ಮ ಊರಿನಿಂದ ಬಸ್ಸು ಹಿಡಿದು ರೋಣದ ನನ್ನ ಬಾಡಿಗೆ ಮನೆಗೆ ಬಂದಳು. ಕೈಚೀಲದಲ್ಲಿ ಮೂರು ಸೇರು ಹೊಸ ಹೆಸರು. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ. ನೀರು ಕುಡಿದು ಕುಳಿತ ಮೇಲೆ ಆ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟಳು. ಅದು ನಮ್ಮ ಅಜ್ಜನ ಹೊಲದ ಉತಾರ.

ಚಿಗವ್ವನ ಮಗಳಿಗೆ ನರ್ಸಿಂಗ್ ಕಲಿಯಲು ಸೀಟು ದೊರೆತಿತ್ತು. ಶುಲ್ಕಕ್ಕಾಗಿ ಹೊಲದ ಮೇಲೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಅಲ್ಲಿಯವರು ಉತಾರದ ಹನ್ನೊಂದನೆಯ ಅಂಕಣಕ್ಕೆ ಬೆರಳಿಟ್ಟು, “ಇದರ ಮೇಲೆ ಆಗಲೇ ಬೋಜಾ ಇದೆಯಲ್ಲ” ಎಂದು ಕಾಗದವನ್ನು ಹಿಂದಿರುಗಿಸಿದ್ದರು. ಬೋಜಾ ಎಂದರೆ ಸಾಲದ ಹೊರೆ. ಆದರೆ ಚಿಗವ್ವ ಅಲ್ಲಿಯವರೆಗೆ ಯಾರಲ್ಲಿಯೂ ಒಂದು ಪೈಸೆ ಸಾಲ ಎತ್ತಿದವಳಲ್ಲ. ಆ ಸಾಲಗಳಲ್ಲಿ ಎರಡು ನಮ್ಮ ನಡುವಿನ ಕಾಕಾನವು, ಒಂದು ನಮ್ಮ ತಂದೆಯದು. ಅಂಕಣದಲ್ಲಿ ಬ್ಯಾಂಕಿನ ಹೆಸರಿತ್ತು, ಮೊತ್ತವಿತ್ತು. ಯಾರ ಸಾಲವೆಂಬುದು ಮಾತ್ರ ಇರಲಿಲ್ಲ.

“ಏನೋ ತಮ್ಮಾ, ನೀ ಕಲತಾಂವ. ಸಾಲಾ ಮಾಡಿದಾಂವನ ಹೆಸರಿನ ಮುಂದ ಸಾಲಾ ಬರೀಬೇಕೋ, ಹೊಲದ ಮುಂದ ಬರೀಬೇಕೋ? ಹೊಲೇನು ಸಾಲಾ ಮಾಡೇತೇನು?” ಎಂದು ಕೇಳಿದಳು.

ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಚೀಲದಲ್ಲಿ ಹೆಸರೂ ಇತ್ತು, ಉತಾರದಲ್ಲಿ ಅವಳ ಹೆಸರೂ ಇತ್ತು. ಎರಡರಿಂದಲೂ ಮಗಳ ಶುಲ್ಕ ಹುಟ್ಟುವಂತಿರಲಿಲ್ಲ. ಆದರೆ ಅವಳ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಆ ಪ್ರಶ್ನೆಯೇ ಗಣಕಯಂತ್ರಗಳ ಲೋಕದಲ್ಲಿ ಐವತ್ತು ವರ್ಷಕ್ಕೂ ಮಿಗಿಲಾಗಿ ಚರ್ಚೆಗೆ ಬಂದಿರುವ ಒಂದು ದೊಡ್ಡ ಪ್ರಶ್ನೆಯೆಂಬುದನ್ನು ನಾನು ಅರಿತದ್ದು ಅನಂತರ.

ಉತಾರವೆಂಬ ಹಾಳೆ

ನಮ್ಮ ವಾಚಕರಲ್ಲಿ ಅನೇಕರು ಹಳ್ಳಿ ಬಿಟ್ಟು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ನೆಲಸಿದವರು. ಆದರೂ ಊರಿನ ಉತಾರದಲ್ಲಿ ಅವರ ಹೆಸರು ಉಳಿದಿರುವುದು ಅಪರೂಪವಲ್ಲ. ಹಳೆಯ ಮೈಸೂರಿನವರು ಪಹಣಿ ಎನ್ನುವ, ಕಚೇರಿಯ ಭಾಷೆಯಲ್ಲಿ ಆರ್‌ಟಿಸಿ ಎನಿಸಿಕೊಳ್ಳುವ ಕಾಗದವೇ ನಮ್ಮ ಕಡೆಯ ಉತಾರ. ಮುಂಬಯಿ ಆಡಳಿತದ ಕಾಲದಲ್ಲಿ ಹಕ್ಕಿನ ವಿವರ ಏಳನೆಯ ಗ್ರಾಮ ನಮೂನೆಯಲ್ಲಿ, ಬೆಳೆಯ ವಿವರ ಹನ್ನೆರಡನೆಯದರಲ್ಲಿ ಇರುತ್ತಿತ್ತು. ಎರಡನ್ನೂ ಕೂಡಿಸಿ ಕೊಟ್ಟ ಪ್ರತಿಗೆ ಮಹಾರಾಷ್ಟ್ರದಲ್ಲಿ ಇಂದಿಗೂ “ಸಾತ್-ಬಾರಾ” ಎಂದೇ ಹೆಸರು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ಮುಂಬಯಿ ಪ್ರಾಂತದ ಭೂಮಾಪನಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟರು. ಅವರು ಸೇರಿ ಬರೆದ ವರದಿ ೧೮೪೭ರದು. ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ ಎಂಬುದು ಆ ಕ್ರಮದ ತಿರುಳು. ಅದೇ ಸರ್ವೆ ನಂಬರು. ಒಡೆಯ ಸಾಯಬಹುದು, ಮಾರಬಹುದು. ಬೆಳೆ ವರ್ಷವರ್ಷಕ್ಕೂ ಬದಲಾಗಬಹುದು. ಸಂಖ್ಯೆ ಮಾತ್ರ ಹೊಲಕ್ಕೆ ಅಂಟಿಕೊಂಡಿರುತ್ತದೆ. ಹೊಲ ಪಾಲಾದಾಗಲೂ ಮೂಲ ಸಂಖ್ಯೆ ಅಳಿಯದು. ಅದರ ಬೆನ್ನಿಗೆ ಹಿಸ್ಸಾ ಸಂಖ್ಯೆಯೊಂದು ಸೇರುತ್ತದೆ, ಅಷ್ಟೆ.

ಇಂದಿನ ಉತಾರದ ಮೊದಲ ಅಂಕಣಗಳಲ್ಲಿ ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ ಇರುತ್ತವೆ. ಒಂಬತ್ತನೆಯದರಲ್ಲಿ ಒಡೆಯರ ಹೆಸರು; ಹತ್ತರಲ್ಲಿ ಆ ಒಡೆತನ ಹೇಗೆ ಬಂತೆಂಬುದು; ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ; ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ನೋಡುವವರ ಕಣ್ಣಿಗೆ ಒಂದೇ ಹಾಳೆ. ಆದರೆ ಅದರೊಳಗೆ ಹೊಲವಿದೆ, ಮನುಷ್ಯರಿದ್ದಾರೆ, ಸಾಲವಿದೆ, ಬೆಳೆಯಿದೆ. ಇವೆಲ್ಲ ಒಂದೇ ಜಾತಿಯ ಸಂಗತಿಗಳಲ್ಲ. ಚಿಗವ್ವನ ತೊಡಕು ಹುಟ್ಟಿದ್ದು ಇಲ್ಲಿ.

ಹಳೆಯ ವಿದ್ಯಾರ್ಥಿಯ ಪಾಠ

ಆ ವರ್ಷದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಣಲು ಬಂದ. ಅವನು ನರಗುಂದದವನು, ಬೆಂಗಳೂರಿನ ಒಂದು ಕಂಪನಿಯಲ್ಲಿ ಡೇಟಾಬೇಸ್ ಎಂಬ ಮಾಹಿತಿಯ ಭಂಡಾರವನ್ನು ಕಟ್ಟುವ ಕೆಲಸ ಅವನದು. ಕಾಲೇಜಿನಲ್ಲಿ ಹಳಗನ್ನಡ ಪದ್ಯಕ್ಕೆ ಹೆದರಿ ಕೊನೆಯ ಬೆಂಚಿಗೆ ಸರಿಯುತ್ತಿದ್ದ ಹುಡುಗ ಅಂದು ನನಗೇ ಗುರುವಾದ. ಉತಾರವನ್ನು ನೋಡಿ, ನಗುತ್ತ, ಒಂದು ಹಾಳೆ-ಪೆನ್ಸಿಲು ಕೇಳಿದ.

“ಸರ್, ಇದನ್ನ ಒಂದ ಟೇಬಲ್‌ನ್ಯಾಗ ಬರದ ನೋಡೂಣು” ಎಂದ. ಟೇಬಲ್ ಎಂದರೆ ಊಟದ ಮೇಜಲ್ಲ, ಕೋಷ್ಟಕ. ಅಡ್ಡಸಾಲುಗಳೂ ಉದ್ದ ಅಂಕಣಗಳೂ ಇರುವ, ನಾವೆಲ್ಲ ಹಾಜರಿ ಪುಸ್ತಕದಲ್ಲಿ ಕಂಡಿರುವ ಚೌಕುಳಿ.

ನಮ್ಮ ಹೊಲ ಹನ್ನೆರಡು ಎಕರೆ. ಅಜ್ಜ ತೀರಿಕೊಂಡ ಮೇಲೆ ವಾರಸಾ ಪ್ರಕಾರ ನಾಲ್ಕು ಹೆಸರು ಏರಿದ್ದವು: ನಮ್ಮ ತಂದೆ, ನಡುವಿನ ಕಾಕಾ, ತೀರಿಹೋದ ಸಣ್ಣ ಕಾಕಾನ ಬದಲಿಗೆ ಚಿಗವ್ವ, ನಮ್ಮ ಸೋದರತ್ತೆ. ಸಾಲ ಮೂರು. ಬೆಳೆ ಎರಡು: ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಇವೆಲ್ಲವನ್ನೂ ಒಂದೇ ಕೋಷ್ಟಕದಲ್ಲಿ, ಯಾವ ಮನೆಯೂ ಖಾಲಿ ಉಳಿಯದಂತೆ ಬರೆಯಬೇಕೆಂದರೆ ಪ್ರತಿ ಪಾಲುದಾರನ ಮುಂದೆ ಪ್ರತಿ ಸಾಲ, ಪ್ರತಿ ಸಾಲದ ಮುಂದೆ ಪ್ರತಿ ಬೆಳೆ ಬರುತ್ತದೆ. ನಾಲ್ಕು ಮೂರಲೆ ಹನ್ನೆರಡು, ಹನ್ನೆರಡು ಎರಡಲೆ ಇಪ್ಪತ್ನಾಲ್ಕು. ಒಂದು ಹೊಲಕ್ಕೆ ಇಪ್ಪತ್ನಾಲ್ಕು ಉದ್ದುದ್ದ ಸಾಲುಗಳು! ಅವುಗಳಲ್ಲಿ ಚಿಗವ್ವನ ಹೆಸರು ಆರು ಸಲ. ಆ ಆರು ಸಲವೂ ಅವಳದಲ್ಲದ ಒಂದು ಸಾಲ ಅವಳ ಪಕ್ಕಕ್ಕೆ.

“ನೋಡ್ರಿ ಸರ್, ಯಾರೂ ಸುಳ್ಳ ಬರದಿಲ್ಲ. ಆದರ ಕೋಷ್ಟಕ ತಾನ ಸುಳ್ಳ ಹೇಳಾಕ್ಹತ್ತೇತಿ” ಎಂದನವನು.

ತೊಂದರೆ ಇಷ್ಟಕ್ಕೇ ಮುಗಿಯದು. ಒಂದೇ ಸಂಗತಿಯನ್ನು ಹಲವು ಕಡೆ ಬರೆದರೆ ಮೂರು ಬಗೆಯ ಕೇಡು ಕಾದಿರುತ್ತದೆ. ಕಾಕಾನ ಹೆಸರಿನ ಕಾಗುಣಿತ ತಪ್ಪಿದೆಯೆನ್ನೋಣ. ಆರು ಕಡೆ ತಿದ್ದಬೇಕಾದಲ್ಲಿ ಐದು ಕಡೆ ತಿದ್ದಿ ಒಂದನ್ನು ಮರೆತರೆ ಅಲ್ಲಿಂದ ಮುಂದೆ ಕಾಕಾ ಇಬ್ಬರಾಗುತ್ತಾನೆ. ಇದು ತಿದ್ದುವಾಗಿನ ಕೇಡು. ಹೊಲವನ್ನು ಒಂದು ವರ್ಷ ಬೀಳು ಬಿಟ್ಟು ಬೆಳೆಯ ಸಾಲುಗಳನ್ನು ಅಳಿಸಿದರೆ ಅವುಗಳೊಡನೆ ಒಡೆಯರ ಹೆಸರೂ ಅಳಿದುಹೋಗುತ್ತದೆ. ಇದು ಅಳಿಸುವಾಗಿನ ಕೇಡು. ಇನ್ನು ಸಾಲವನ್ನೇ ಮಾಡದ, ಇನ್ನೂ ಏನನ್ನೂ ಬಿತ್ತದ ಹೊಸ ಒಡೆಯನೊಬ್ಬ ಬಂದರೆ, ಅವನನ್ನು ಸೇರಿಸಲು ಅರ್ಧಕ್ಕರ್ಧ ಮನೆಗಳನ್ನು ಖಾಲಿ ಬಿಡಬೇಕು. ಇದು ಸೇರಿಸುವಾಗಿನ ಕೇಡು.

ಕಾಡ್ ಎಂಬ ಗಣಿತಜ್ಞ

ಈ ಕೇಡುಗಳಿಗೆ ಶಾಸ್ತ್ರೀಯವಾದ ಮದ್ದನ್ನು ಕಂಡುಹಿಡಿದವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಡೆಸಿ, ಆಮೇಲೆ ಅಮೇರಿಕೆಗೆ ಹೋಗಿ ಐಬಿಎಂ ಕಂಪನಿಯಲ್ಲಿ ದುಡಿದ ಗಣಿತಜ್ಞ. ೧೯೭೦ರಲ್ಲಿ ಅವನು ಪ್ರಕಟಿಸಿದ ಒಂದು ಲೇಖನ ಮಾಹಿತಿಯನ್ನು ಕೂಡಿಡುವ ರೀತಿಯನ್ನೇ ಬದಲಿಸಿತು. ಅದಕ್ಕೆ ಮೊದಲು ಮಾಹಿತಿಯನ್ನು ಮರದ ಕೊಂಬೆಗಳಂತೆ ಒಂದರ ಕೆಳಗೊಂದು ಜೋತುಬಿಡುವ ಪದ್ಧತಿ ಬಳಕೆಯಲ್ಲಿತ್ತು. ಒಂದು ಎಲೆ ಬೇಕಾದರೂ ಬುಡದಿಂದ ಹತ್ತಿಕೊಂಡೇ ಹೋಗಬೇಕು, ದಾರಿ ಬದಲಾದರೆ ಹುಡುಕುವ ಕ್ರಮವನ್ನೂ ಬದಲಿಸಬೇಕು. ಕಾಡ್ ಹೇಳಿದ್ದು ಇಷ್ಟು: ಎಲ್ಲವನ್ನೂ ಸರಳವಾದ ಕೋಷ್ಟಕಗಳಲ್ಲಿ ಇಡಿರಿ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಗುರುತಿನ ಸಂಖ್ಯೆಗಳೇ ಹೇಳಲಿ, ಬೇಕಾದಾಗ ಅವನ್ನು ಕೂಡಿಸಿ ಓದಿರಿ. ಮುಂದಿನ ಒಂದೆರಡು ವರ್ಷಗಳಲ್ಲಿ, ಕೋಷ್ಟಕವನ್ನು ಎಲ್ಲಿ ಒಡೆಯಬೇಕು ಎಂಬುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ನಿಯಮಗಳನ್ನೂ ರಚಿಸಿದ. ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ೧೯೮೧ರಲ್ಲಿ ಅವನಿಗೆ ಸಂದಿತು.

ನಿಯಮಗಳ ಸಾರವನ್ನು ಕನ್ನಡದಲ್ಲಿ ಹೇಳುವುದಾದರೆ: ಒಂದು ಸಾಲಿನಲ್ಲಿ ಬರೆದದ್ದೆಲ್ಲವೂ ಆ ಸಾಲು ಯಾರನ್ನು ಕುರಿತದ್ದೋ ಅವರ ಮಾತೇ ಆಗಿರಬೇಕು. ಹೊಲದ ಸಾಲಿನಲ್ಲಿ ಹೊಲದ ಮಾತು, ಸಾಲದ ಸಾಲಿನಲ್ಲಿ ಸಾಲದ ಮಾತು. ಹೊಲವೇನು ಸಾಲ ಮಾಡಿದೆಯೇ ಎಂದು ಚಿಗವ್ವ ಕೇಳಿದ್ದೂ ಇದನ್ನೇ ಅಲ್ಲವೆ!

ನನ್ನ ವಿದ್ಯಾರ್ಥಿ ಹಾಳೆಯ ಮಗ್ಗುಲನ್ನು ತಿರುವಿ ಐದು ಕೋಷ್ಟಕ ಬರೆದ. ಹೊಲ, ವ್ಯಕ್ತಿ, ಪಾಲು, ಸಾಲ, ಬೆಳೆ. ಹೊಲದ ಕೋಷ್ಟಕದಲ್ಲಿ ಒಂದೇ ಸಾಲು. ವ್ಯಕ್ತಿಗಳದು ನಾಲ್ಕು. ಯಾರಿಗೆ ಯಾವ ಹೊಲದಲ್ಲಿ ಎಷ್ಟು ಎಂಬ ಪಾಲಿನದು ನಾಲ್ಕು. ಸಾಲದ್ದು ಮೂರು, ಪ್ರತಿಯೊಂದು ಸಾಲದ ಮುಂದೆ ಅದು ಯಾವ ಪಾಲಿನ ಮೇಲೆ ಎಂಬ ಸಂಖ್ಯೆ. ಬೆಳೆಯವು ಎರಡು. ಒಟ್ಟು ಹದಿನಾಲ್ಕು ಗಿಡ್ಡ ಸಾಲುಗಳು. ಕಾಕಾನ ಹೆಸರು ಒಂದೇ ಕಡೆ. ತಿದ್ದಿದರೆ ಒಮ್ಮೆ ತಿದ್ದಿದರಾಯಿತು. ಚಿಗವ್ವನ ಪಾಲಿನ ಸಂಖ್ಯೆಯನ್ನು ಹಿಡಿದು ಸಾಲದ ಕೋಷ್ಟಕದಲ್ಲಿ ಹುಡುಕಿದರೆ ಏನೂ ಸಿಗದು. ಏನೂ ಸಿಗದಿರುವುದೇ ಸತ್ಯ.

ನಾಲ್ವರೂ ಕೂಡಿ ಸಹಿ ಮಾಡಿ ಎತ್ತಿದ ಸಾಲವಿದ್ದರೆ? ಆಗ ಸಾಲ ಮತ್ತು ಪಾಲುಗಳ ನಡುವೆ ಇನ್ನೊಂದು ಸಣ್ಣ ಕೋಷ್ಟಕ ಬೇಕಾಗುತ್ತದೆ. ಒಂದಕ್ಕೆ ಹಲವು, ಹಲವಕ್ಕೆ ಹಲವು ಎಂಬ ಲೆಕ್ಕ ಬಂದಾಗಲೆಲ್ಲ ಬೇರೆ ಕೋಷ್ಟಕ. “ಒಬ್ಬರಿಗೆ ಇಂಥಾವು ಎಷ್ಟ ಇರಬಹುದು ಅಂತ ಕೇಳ್ರಿ ಸರ್. ಒಂದ ಅಂದ್ರ ಅದ ಸಾಲಿನ್ಯಾಗ ಇರಲಿ. ಎಷ್ಟರ ಇರಬಹುದು ಅಂದ್ರ ಬ್ಯಾರೆ ಮಾಡ್ರಿ” ಎಂಬುದು ಅವನು ಕಲಿಸಿದ ಸುಲಭಸೂತ್ರ.

ಊರು ಕದಲಲಿಲ್ಲ, ತಾಲೂಕು ಬದಲಾಯಿತು

ಇಲ್ಲಿ ನನಗೊಂದು ಸಂದೇಹ ಬಂತು. ಒಡೆಯುವುದು ಒಳ್ಳೆಯದಾದರೆ, ರೋಣಕ್ಕೊಂದು, ನರಗುಂದಕ್ಕೊಂದು, ಗಜೇಂದ್ರಗಡಕ್ಕೊಂದು ಹೊಲದ ಕೋಷ್ಟಕ ಮಾಡಬಾರದೆ? ಹಳೆಯ ಕಾಲದ ಕುಲಕರ್ಣಿಗಳು ಊರಿಗೊಂದು ವಹಿ ಇಡುತ್ತಿರಲಿಲ್ಲವೆ?

ಅವನು ಬಲವಾಗಿ ತಲೆಯಾಡಿಸಿದ. ಅದು ಒಡೆಯಬಾರದ ಕಡೆ ಒಡೆಯುವುದು. ಮೂರು ತಾಲೂಕಿನ ಹೊಲಗಳೂ ಹೊಲಗಳೇ. ಅವಕ್ಕೆ ಒಂದೇ ಬಗೆಯ ಅಂಕಣಗಳು. ಜಾತಿ ಬೇರೆಯಾದರೆ ಕೋಷ್ಟಕ ಬೇರೆ. ಜಾಗ ಬೇರೆಯಾದ ಮಾತ್ರಕ್ಕೆ ಅಲ್ಲ. ತಾಲೂಕು ಯಾವುದೆಂಬುದು ಕೋಷ್ಟಕದ ಹೆಸರಾಗಬಾರದು, ಕೋಷ್ಟಕದೊಳಗಿನ ಒಂದು ಅಂಕಣವಾಗಬೇಕು. ಇಲ್ಲದಿದ್ದರೆ ರೋಣದಲ್ಲಿ ಎರಡು ಎಕರೆ, ನರಗುಂದದಲ್ಲಿ ಮೂರು ಎಕರೆ ಇರುವ ರೈತನನ್ನು ಎರಡು ಕಡೆ ಹುಡುಕಬೇಕು. ನಾಳೆ ನಾಲ್ಕನೆಯ ತಾಲೂಕು ಹುಟ್ಟಿದರೆ ನಾಲ್ಕನೆಯ ಕೋಷ್ಟಕ ಹೊಲಿಯಬೇಕು.

ಹೊಸ ತಾಲೂಕು ಹುಟ್ಟುವುದು ನಮ್ಮ ಕಡೆ ಕಲ್ಪನೆಯ ಮಾತಲ್ಲ. ನಮ್ಮ ಊರಿನ ಒಬ್ಬ ಅಜ್ಜನ ಉದಾಹರಣೆಯನ್ನೇ ನೋಡಿರಿ. ಅವರು ಹುಟ್ಟಿದಾಗ ಮುಂಬಯಿ ಪ್ರಾಂತ, ಧಾರವಾಡ ಜಿಲ್ಲೆ, ರೋಣ ತಾಲೂಕು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಮೈಸೂರು ರಾಜ್ಯಕ್ಕೆ ಸೇರಿದರು. ೧೯೭೩ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ೧೯೯೭ರಲ್ಲಿ ಗದಗ ಜಿಲ್ಲೆ ಬಂತು. ೨೦೧೮ರಲ್ಲಿ ರೋಣ ತಾಲೂಕನ್ನು ಒಡೆದು ಗಜೇಂದ್ರಗಡ ತಾಲೂಕಾಯಿತು. ಅಜ್ಜ ತಮ್ಮ ಕಟ್ಟೆ ಬಿಟ್ಟು ಕದಲಲಿಲ್ಲ. ಅವರ ವಿಳಾಸ ನಾಲ್ಕು ಸಲ ಬದಲಾಯಿತು!

ಈಗ ಯೋಚಿಸಿರಿ. ಪ್ರತಿಯೊಂದು ಹೊಲದ ಸಾಲಿನಲ್ಲಿಯೂ “ರೋಣ ತಾಲೂಕು, ಧಾರವಾಡ ಜಿಲ್ಲೆ” ಎಂದು ಬರೆದಿದ್ದರೆ ಒಂದೊಂದು ಬದಲಾವಣೆಗೂ ಸಾವಿರಾರು ಸಾಲುಗಳನ್ನು ತಿದ್ದಬೇಕು. ಎಲ್ಲೋ ಕೆಲವು ಹೊಲಗಳು ತಿದ್ದುಪಡಿಯಿಂದ ತಪ್ಪಿಸಿಕೊಂಡು ಧಾರವಾಡ ಜಿಲ್ಲೆಯಲ್ಲಿಯೇ ಉಳಿದುಬಿಡುತ್ತವೆ. ಅದರ ಬದಲು ಹೊಲದ ಸಾಲಿನಲ್ಲಿ ಊರಿನ ಸಂಖ್ಯೆ, ಊರಿನ ಕೋಷ್ಟಕದಲ್ಲಿ ತಾಲೂಕಿನ ಸಂಖ್ಯೆ, ತಾಲೂಕಿನ ಕೋಷ್ಟಕದಲ್ಲಿ ಜಿಲ್ಲೆಯ ಸಂಖ್ಯೆ ಇದ್ದರೆ? ಗಜೇಂದ್ರಗಡ ತಾಲೂಕು ಹುಟ್ಟಿದ ದಿನ ತಾಲೂಕಿನ ಕೋಷ್ಟಕಕ್ಕೆ ಒಂದು ಹೊಸ ಸಾಲು. ಅದಕ್ಕೆ ಸೇರಿದ ಊರುಗಳ ಮುಂದೆ ಒಂದು ಸಂಖ್ಯೆಯ ಬದಲಾವಣೆ. ಹೊಲಗಳ ಕೋಷ್ಟಕವನ್ನು ಮುಟ್ಟುವ ಕಾರಣವೇ ಇಲ್ಲ.

ಒಂದು ಮನೆಯಲ್ಲಿ ಒಂದು ಶಬ್ದ

ಮಾತು ನೀರಾವರಿಗೆ ಬಂದಾಗ ಹುಡುಗನ ದನಿ ಗಂಭೀರವಾಯಿತು. ನರಗುಂದದವನಲ್ಲವೆ! ೧೯೮೦ರ ಜುಲೈ ೨೧ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರವನ್ನು ವಿರೋಧಿಸಿ ಸಿಡಿದೆದ್ದ ಊರು ಅದು. ಅಂದು ಗೋಲೀಬಾರು ನಡೆದು ಜೀವಗಳು ಹೋದವು. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಹೋರಾಟಕ್ಕೆ ಕಾರಣಗಳು ಹಲವು. ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಕರದ ಹೊರೆ ಬಿದ್ದಿತೆಂಬುದು ರೈತರ ದೂರುಗಳಲ್ಲಿ ಒಂದಾಗಿತ್ತು.

ಅದಕ್ಕೆ ಕೋಷ್ಟಕವೇ ಕಾರಣವೆಂದು ನಾನು ಹೇಳಲಾರೆ. ಆದರೆ ಒಂದು ಹೊಲದ ಮುಂದೆ “ಅಚ್ಚುಕಟ್ಟು” ಎಂಬ ಒಂದು ಶಬ್ದ ಬರೆಯುವುದಕ್ಕೂ, ಆ ಹೊಲದ ಎಷ್ಟು ಗುಂಟೆಗೆ ಯಾವ ವರ್ಷ ನೀರು ಬಂತೆಂದು ಬರೆಯುವುದಕ್ಕೂ ಭೂಮ್ಯಾಕಾಶದ ಅಂತರವಿದೆ. ಮೊದಲನೆಯದು ಹೊಲದ ಸಾಲಿನ ಒಂದು ಮನೆಯಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ವರ್ಷಕ್ಕೊಂದು ಸಾಲಿರುವ ಬೇರೆಯೇ ಕೋಷ್ಟಕ ಬೇಕು. ಹಲವು ಬಾರಿ ಹಲವು ಬಗೆಯಲ್ಲಿ ನಡೆಯುವ ಸಂಗತಿಯನ್ನು ಒಂದೇ ಮನೆಗೆ ತುರುಕಿದರೆ ಅದು ಯಾವುದೋ ಒಂದು ದಿನಕ್ಕೆ ಮಾತ್ರ ನಿಜವಾಗಿರುತ್ತದೆ. ಕರ ಕಟ್ಟುವವನಿಗೆ ಅದರ ವ್ಯತ್ಯಾಸ ಗೊತ್ತು.

ಎಲ್ಲವನ್ನೂ ಒಡೆಯಬೇಕೆ?

ಹಾಗಾದರೆ ಒಡೆಯುತ್ತಲೇ ಹೋಗೋಣವೆ? ಅದೂ ತಪ್ಪು. ಈ ಮಾತನ್ನು ನನಗೆ ತಿಳಿಸಿದ್ದು ವಿದ್ಯಾರ್ಥಿಯಲ್ಲ, ಚಹಾ ತಂದಿಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ. “ಸಾಸಿವೆ, ಜೀರಗಿ ಬ್ಯಾರೆ ಬ್ಯಾರೆ ಬಟ್ಟಲದಾಗ ಇಡತೀವಿ ಖರೆ. ಆದರ ಮಸಾಲಿ ಖಾರ ಕುಟ್ಟಿದ ಮ್ಯಾಲ ಒಂದ ಭರಣಿ. ಅದನ್ನ ಮತ್ತ ಬ್ಯಾರೆ ಮಾಡತಾರೇನ್ರಿ?” ಎಂದಳು. ವಿದ್ಯಾರ್ಥಿ ಚಪ್ಪಾಳೆ ತಟ್ಟಿದ.

ಯಾವಾಗಲೂ ಜೊತೆಯಾಗಿಯೇ ಇರುವ, ಒಂದಕ್ಕೆ ಒಂದೇ ಇರುವ ವಿವರಗಳು ಒಂದೇ ಕೋಷ್ಟಕದಲ್ಲಿ ಇರಬೇಕು. ಎಕರೆ ಒಂದು ಕೋಷ್ಟಕದಲ್ಲಿ, ಗುಂಟೆ ಇನ್ನೊಂದರಲ್ಲಿ, ಆಕಾರ ಮತ್ತೊಂದರಲ್ಲಿ ಇಟ್ಟರೆ ಹೊಲದ ಅಳತೆ ತಿಳಿಯಲು ಮೂರು ಕಪಾಟು ತೆರೆಯಬೇಕು. ಗಣಕಯಂತ್ರಕ್ಕೂ ಕೂಡಿಸುವ ಶ್ರಮ ಉಂಟು. ಕೋಷ್ಟಕಗಳು ಹೆಚ್ಚಿದಷ್ಟೂ ಆ ಶ್ರಮ ಹೆಚ್ಚು, ಬರೆದವನು ಎಡವುವ ಸಂಭವವೂ ಹೆಚ್ಚು. ಒಂದೇ ಸಲ ಬಳಸಿ ಬಿಸಾಡುವ ಪಟ್ಟಿಗೆ, ಉದಾಹರಣೆಗೆ ಮದುವೆಗೆ ಕರೆಯಬೇಕಾದವರ ಯಾದಿಗೆ, ಒಂದೇ ಕೋಷ್ಟಕ ಸಾಕು.

ಇನ್ನೊಂದು ಮಾತು. ಬರೆಯುವುದಕ್ಕೆ ಹಲವು ಕೋಷ್ಟಕ ಒಳ್ಳೆಯದಾದರೂ ಓದುವುದಕ್ಕೆ ಒಂದೇ ಹಾಳೆ ಹಿತ. ಕೌಂಟರಿನ ಮುಂದೆ ನಿಂತ ರೈತನ ಕೈಗೆ ಐದು ಕಾಗದ ಕೊಟ್ಟು “ನೀವೇ ಕೂಡಿಸಿಕೊಳ್ಳಿ” ಎನ್ನಲಾದೀತೆ? ಒಳಗೆ ಬಿಡಿಬಿಡಿಯಾಗಿದ್ದು, ಕೇಳಿದ ಗಳಿಗೆಯಲ್ಲಿ ಕೂಡಿ ಬರುವುದೇ ಒಳ್ಳೆಯ ಉತಾರ. ಕೂಡಿಸುವಾಗಲೂ ಯಾವ ಸಾಲ ಯಾವ ಪಾಲಿನದೆಂಬ ನಂಟು ಮುದ್ರಿತ ಹಾಳೆಯಲ್ಲಿ ಕಳೆದುಹೋಗಬಾರದು. ಚಿಗವ್ವನ ಕಾಗದದಲ್ಲಿ ಕಳೆದಿದ್ದುದು ಆ ನಂಟು.

ಕಲ್ಲಿನ ಮೇಲಿನ ಕೋಷ್ಟಕ

ಕನ್ನಡ ಮೇಷ್ಟರಾದ ನನಗೆ ಇಲ್ಲೊಂದು ಆಕ್ಷೇಪ ಹೊಳೆಯಿತು. ಗಜೇಂದ್ರಗಡದ ಸಮೀಪದ ಸೂಡಿಯನ್ನು ಕಂಡವರು ಬಲ್ಲರು. ಕಲ್ಯಾಣ ಚಾಲುಕ್ಯರ ಕಾಲದ ಜೋಡುಕಳಸದ ಗುಡಿ, ನಾಗಕುಂಡ, ಶಾಸನಗಳು ಅಲ್ಲಿವೆ. ಅರಸರ ಮನೆತನದ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ನಾಡು ಅದು. ದಾನಶಾಸನವೆಂದರೆ ಸಾಮಾನ್ಯವಾಗಿ ಅರಸನ ಬಿರುದಾವಳಿ, ಕಾಲ, ಕೊಟ್ಟವರು, ಪಡೆದವರು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಮೇರೆ, ಕೊನೆಗೆ ಅಳಿದವರಿಗೆ ಶಾಪ: ಎಲ್ಲವೂ ಒಂದೇ ಕಲ್ಲಿನ ಮೇಲೆ. ಅದೇ ಅರಸನ ಅದೇ ಬಿರುದುಗಳು ಪಕ್ಕದ ಕಲ್ಲಿನಲ್ಲಿ ಮತ್ತೆ. ಕಾಡ್ ಸಾಹೇಬನ ಕಣ್ಣಿಗೆ ಇದು ದೊಡ್ಡ ಅಪರಾಧವಲ್ಲವೆ?

ಅಲ್ಲ. ಕಲ್ಲಿನ ಮಾತು ತಿದ್ದುಪಡಿಗೆಂದು ಬರೆದದ್ದಲ್ಲ. ಅಂದಿನ ದಿನ ಏನು ನಡೆಯಿತೆಂಬುದಕ್ಕೆ ಅದು ಸಾಕ್ಷಿ. ಪುನರುಕ್ತಿ ಕೇಡಾಗುವುದು ಬದಲಾಗುವ ಸಂಗತಿಗಳಲ್ಲಿ ಮಾತ್ರ. ನಡೆದುಹೋದದ್ದು ಬದಲಾಗದು, ಅದನ್ನು ನಡೆದಂತೆಯೇ ಬರೆದಿಡಬೇಕು. ಈ ವರ್ಷ ಬಡ್ಡಿಯ ದರ ಏರಿತೆಂದು ಹೋದ ವರ್ಷದ ಪಾವತಿಯಲ್ಲಿನ ದರ ತಾನಾಗಿ ಬದಲಾಗಬಾರದು. ಹಕ್ಕು ಬದಲಾವಣೆಯ ವಹಿಯೂ ಇಂಥದೇ. ಅಜ್ಜನ ಹೆಸರು ಕಡಿಮೆಯಾಗಿ ನಾಲ್ವರ ಹೆಸರು ಏರಿದ ಸಂಗತಿ ಅಲ್ಲಿ ಒಂದು ಕ್ರಮಾಂಕದ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ. ಉತಾರದ ಹತ್ತನೆಯ ಅಂಕಣ ಆ ಕ್ರಮಾಂಕವನ್ನು ಮಾತ್ರ ತೋರಿಸುತ್ತದೆ. ಇಂದಿನ ಸ್ಥಿತಿಗೊಂದು ಕೋಷ್ಟಕ, ನಡೆದ ಸಂಗತಿಗೊಂದು ಕೋಷ್ಟಕ. ಆದ್ದರಿಂದ ಒಂದೋ ಹಲವೋ ಎಂದು ನಿರ್ಧರಿಸುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ಮುಂದೆ ಬದಲಾಗುವುದೋ, ಆಗಿಹೋದದ್ದೋ?

ಎರಡು ಕೋಟಿ ಹಾಳೆಗಳು

ಇದೆಲ್ಲ ಒಂದು ಮನೆತನದ ಹನ್ನೆರಡು ಎಕರೆಯ ಪುರಾಣವೆಂದು ಯಾರೂ ತಿಳಿಯಬಾರದು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ “ಭೂಮಿ” ಯೋಜನೆಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಲ್ಲಿಯವರೆಗೆ ಅವು ಸುಮಾರು ೯,೦೦೦ ಗ್ರಾಮ ಲೆಕ್ಕಿಗರ, ನಮ್ಮ ಕಡೆಯ ಮಾತಿನಲ್ಲಿ ತಲಾಠಿಗಳ, ಕೈಬರಹದಲ್ಲಿದ್ದವು. ತಾಲೂಕು ಕಚೇರಿಯ ಕಿಂಡಿಯಲ್ಲಿ ಅಂದು ಹದಿನೈದು ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿದಾಗ ರೈತರಿಗಾದ ಅನುಕೂಲ ಸಣ್ಣದಲ್ಲ. ಮೊದಲು ತಾಲೂಕು ತಾಲೂಕಿನಲ್ಲಿದ್ದ ಮಾಹಿತಿ ಆಮೇಲೆ ಒಂದು ಕಡೆ ಕೂಡಿತು.

ಆದರೆ ಮನುಷ್ಯನನ್ನು ಹೆಸರಿನಿಂದ ಗುರುತಿಸುವ ತೊಡಕು ಅಷ್ಟಕ್ಕೆ ಹೋಗಲಿಲ್ಲ. ನಮ್ಮ ಕಡೆ ಒಂದೇ ಊರಿನಲ್ಲಿ ಬಸಪ್ಪ ಎಷ್ಟು ಮಂದಿ, ಈರವ್ವ ಎಷ್ಟು ಮಂದಿ! ಒಬ್ಬನೇ ಬಸಪ್ಪ ಒಂದು ಉತಾರದಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವಣ್ಣೆಪ್ಪ, ಬ್ಯಾಂಕಿನ ಪುಸ್ತಕದಲ್ಲಿ ಬಸವರಾಜ. ಹೊಲಕ್ಕೆ ೧೮೪೦ರ ದಶಕದಿಂದಲೂ ಸಂಖ್ಯೆಯಿದೆ. ಹೊಲದ ಒಡೆಯನಿಗೆ ಇರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಮುಂದೆ “ಫ್ರೂಟ್ಸ್” ಎಂಬ ವ್ಯವಸ್ಥೆ ಬಂದು, ಪ್ರತಿ ರೈತನಿಗೆ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅವನ ಎಲ್ಲ ಸರ್ವೆ ನಂಬರುಗಳನ್ನು ಅದಕ್ಕೆ ಜೋಡಿಸುವ ಕೆಲಸ ನಡೆಯಿತು. 

ಬೆಳೆಯ ವಿಚಾರವೂ ಹೀಗೆಯೇ. ಹೊಲದ ಸಮೀಕ್ಷೆಯಲ್ಲಿ ಕಡಲೆ, ವಿಮೆಯ ಅರ್ಜಿಯಲ್ಲಿ ಜೋಳ ಎಂದಿದ್ದರೆ ಪರಿಹಾರದ ಹಣ ತಡೆದು ನಿಲ್ಲುತ್ತದೆ. ಒಂದೇ ಸಂಗತಿಯನ್ನು ಎರಡು ಕಡೆ ಬೇರೆ ಬೇರೆಯಾಗಿ ಬರೆದುದರ ಫಲ ಮಳೆ ಕೈಕೊಟ್ಟ ವರ್ಷ ರೈತನ ಮನೆಬಾಗಿಲಿಗೆ ಬರುತ್ತದೆ.

ಚಿಗವ್ವನ ಕಥೆ ಏನಾಯಿತು?

ನನ್ನ ವಿದ್ಯಾರ್ಥಿಯ ಐದು ಕೋಷ್ಟಕಗಳನ್ನು ನೋಡಿ ಬ್ಯಾಂಕಿನವರೇನೂ ಸಾಲ ಕೊಡಲಿಲ್ಲ. ಅವರನ್ನು ಪೂರ್ತಿ ದೂರಲೂ ನನಗೆ ಮನಸ್ಸಿಲ್ಲ. ಹೊಲ ಪಾಲಾಗಿರಲಿಲ್ಲ. ಕಾಗದದಲ್ಲಿ ಮೂರು ಎಕರೆ ಅವಳದೆಂದರೂ ನೆಲದ ಮೇಲೆ ಆ ಮೂರು ಎಕರೆ ಎಲ್ಲಿಂದ ಎಲ್ಲಿಗೆ ಎಂದು ತೋರಿಸುವವರಿರಲಿಲ್ಲ. ನೆಲದ ಮೇಲೆ ಆಗದ ಕೆಲಸವನ್ನು ಕೋಷ್ಟಕ ಮಾಡಿಕೊಡಲಾರದು.

ಆ ವರ್ಷದ ಶುಲ್ಕಕ್ಕೆ ಚಿಗವ್ವ ತನ್ನ ಪಾಟಲಿಗಳನ್ನು ಒತ್ತೆಯಿಟ್ಟಳು. ಸಂಕ್ರಾಂತಿಯ ಹೊತ್ತಿಗೆ ನಮ್ಮ ತಂದೆ, ಕಾಕಾ, ಸೋದರತ್ತೆ ಎಲ್ಲರೂ ಅಜ್ಜನ ಮನೆಯ ಪಡಸಾಲೆಯಲ್ಲಿ ಕುಳಿತು ಹೊಲ ಪಾಲು ಮಾಡಲು ಒಪ್ಪಿದರು. ಮಾತು ಸುಲಭವಾಗಿ ಮುಗಿಯಲಿಲ್ಲ. “ಅಪ್ಪನ ಹೊಲಾ ತುಂಡ ಮಾಡಿದಿರಿ” ಎಂದು ಕಾಕಾ ಕಣ್ಣೊರೆಸಿಕೊಂಡ. ಭೂಮಾಪಕರು ಬಂದು ಅಳೆದು, ೧೧-ಇ ನಕ್ಷೆಯಾಗಿ, ವಾಟಣಿ ಪತ್ರ ನೋಂದಣಿಯಾಗಿ, ಹೊಸ ಹಿಸ್ಸಾ ನಂಬರು ಬರುವ ವೇಳೆಗೆ ಮಗಳ ಎರಡನೆಯ ವರ್ಷ ಆರಂಭವಾಗಿತ್ತು.

ಮೊನ್ನೆ ಊರಿಗೆ ಹೋದಾಗ ಚಿಗವ್ವ ಹೊಸ ಉತಾರ ತೋರಿಸಿದಳು. ಒಂಬತ್ತನೆಯ ಅಂಕಣದಲ್ಲಿ ಅವಳೊಬ್ಬಳದೇ ಹೆಸರು. ಹನ್ನೊಂದನೆಯದರಲ್ಲಿ ಒಂದು ಬೋಜಾ. ಅದು ಮಗಳ ಓದಿಗಾಗಿ ಅವಳೇ ಎತ್ತಿದ ಸಾಲ.

“ಈಗ ನೋಡು, ನನ್ನ ಸಾಲಾ ನನ್ನ ಹೆಸರಿನ ಮುಂದ ಐತಿ” ಎಂದು ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಲ ಆತು ಖರೆ, ಉಗಾದಿಗೆ ಎಲ್ಲಾರೂ ಒಂದ ಒಲಿ ಮ್ಯಾಲ ಹೋಳಿಗಿ ಮಾಡೋಣಂತ ನಿಮ್ಮ ಕಾಕಾಗ ಹೇಳಿ ಕಳಿಸೇನಿ” ಎಂದಳು.